ತಂತಿ ಅಳೆಯದೆ ಗಿಟಾರ್ ಹೋಲಿಸಬೇಡಿ

ಮಾನ್ಯ ಸಂಪಾದಕರೇ,

ಫೆಂಡರ್ ಸ್ಟ್ರಾಟೋಕ್ಯಾಸ್ಟರ್, ಗಿಬ್ಸನ್ ಲೆಸ್ ಪಾಲ್, ಪಿಆರ್‌ಎಸ್ ಕಸ್ಟಮ್ 24 ಈ ಮೂರು ದುಬಾರಿ ಎಲೆಕ್ಟ್ರಿಕ್ ಗಿಟಾರ್‌ಗಳನ್ನು ಪಕ್ಕಪಕ್ಕ ಇಟ್ಟು ತೂಗಿದ ಬರಹ ಭಾನುವಾರದ ಪುರವಣಿಯಲ್ಲಿ ಬಂದಿದೆ. ಕನ್ನಡ ಪತ್ರಿಕೆಯಲ್ಲಿ ಇಂಥ ವಿಷಯಕ್ಕೆ ಜಾಗ ಸಿಕ್ಕಿದ್ದೇ ಸಂತೋಷ. ಆದರೆ ಲೆಸ್ ಪಾಲ್‌ನ ತುಂಬು ನಾದಕ್ಕೆ ಮಹೋಗನಿ ಮರ ಕಾರಣ, ಸ್ಟ್ರಾಟ್‌ನ ತಿಳಿ ನಾದಕ್ಕೆ ಆಲ್ಡರ್ ಮರ ಕಾರಣ ಎಂದು ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟದ್ದನ್ನು ಒಪ್ಪಲಾಗದು. ಮೂರಕ್ಕೂ ಯಾವ ದಪ್ಪದ ತಂತಿ ಹಾಕಿತ್ತು, ತಂತಿ ಫ್ರೆಟ್‌ನಿಂದ (ಸ್ವರಸ್ಥಾನ ಗುರುತಿಸುವ ಲೋಹದ ಅಡ್ಡಪಟ್ಟಿ) ಎಷ್ಟು ಎತ್ತರದಲ್ಲಿತ್ತು, ಆ್ಯಂಪ್‌ನಲ್ಲಿ (ದನಿವರ್ಧಕ) ಸದ್ದಿನ ಮಟ್ಟ ಸಮ ಮಾಡಿದ್ದರೇ ಎಂಬ ಮಾತು ಬರಹದಲ್ಲಿ ಎಲ್ಲೂ ಇಲ್ಲ. ಇವು ಗೊತ್ತಿಲ್ಲದೆ ಮಾಡಿದ ಹೋಲಿಕೆಯನ್ನು ನಂಬಿ ಲಕ್ಷಗಟ್ಟಲೆ ಹಣ ಸುರಿಯುವವರಿದ್ದಾರೆ. ಅದಕ್ಕಾಗಿ ಈ ಪತ್ರ.

ನಟ್‌ನಿಂದ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಸೀಳುಪಟ್ಟಿ) ಬ್ರಿಡ್ಜ್‌ವರೆಗಿನ (ದೇಹದ ಮೇಲೆ ತಂತಿಗಳಿಗಿರುವ ಆಧಾರ) ತಂತಿಯ ಉದ್ದ ಸ್ಟ್ರಾಟ್‌ನಲ್ಲಿ 25.5 ಇಂಚು, ಪಿಆರ್‌ಎಸ್‌ನಲ್ಲಿ 25 ಇಂಚು. ಲೆಸ್ ಪಾಲ್‌ನದು 24.75 ಎಂದು ಹೇಳುವುದು ವಾಡಿಕೆ, ಅಳೆದರೆ 24.6ರ ಆಸುಪಾಸು ಸಿಗುತ್ತದೆ. ಒಂದೇ ದಪ್ಪದ ತಂತಿಯನ್ನು ಒಂದೇ ಶ್ರುತಿಗೆ ಏರಿಸಿದಾಗ ಬಿಗಿತವು ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಸ್ಟ್ರಾಟ್‌ನ ತಂತಿ ಲೆಸ್ ಪಾಲ್‌ಗಿಂತ ಶೇ 6–7ರಷ್ಟು ಬಿಗಿ. ಆದರೆ ಸ್ಟ್ರಾಟ್ ಸಾಮಾನ್ಯವಾಗಿ 9ರ ತಂತಿಯೊಂದಿಗೆ (ಅತಿ ತೆಳುವಾದ ಮೊದಲ ತಂತಿ 0.009 ಇಂಚು ದಪ್ಪ) ಬರುತ್ತದೆ, ಲೆಸ್ ಪಾಲ್ 10ರ ತಂತಿಯೊಂದಿಗೆ. 9ಕ್ಕಿಂತ 10ರ ಮೊದಲ ತಂತಿ ಶೇ 23ರಷ್ಟು ಹೆಚ್ಚು ಬಿಗಿತ ಬೇಡುತ್ತದೆ. ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಅಂಗಡಿಯ ಗೋಡೆಯಿಂದ ಇಳಿಸಿದ ಲೆಸ್ ಪಾಲ್‌ನ ಮೊದಲ ತಂತಿಯೇ ಸ್ಟ್ರಾಟ್‌ನದಕ್ಕಿಂತ ಶೇ 15ರಷ್ಟು ಗಟ್ಟಿ. ‘ಲೆಸ್ ಪಾಲ್ ಬೆರಳಿಗೆ ಭಾರ’ ಎಂದು ನಿಮ್ಮ ಲೇಖಕರಿಗೆ ಅನಿಸಿದ್ದು ಇದರಿಂದಲೇ ಇರಬೇಕು. ಕೆಲವು ನೂರು ರೂಪಾಯಿಯ ತಂತಿ ಬದಲಿಸಿದ್ದರೆ ಆ ಅಭಿಪ್ರಾಯ ತಲೆಕೆಳಗಾಗುತ್ತಿತ್ತು.

ನಾದದ ವಿಚಾರದಲ್ಲಿ ಮರಕ್ಕಿಂತ ಮೊದಲು ನೋಡಬೇಕಾದದ್ದು ಪಿಕಪ್ (ತಂತಿಯ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವ, ಅಯಸ್ಕಾಂತ ಮತ್ತು ತಾಮ್ರದ ಸುರುಳಿಯ ಸಾಧನ) ಮತ್ತು ಅದರ ಹಿಂದಿನ ವೈರಿಂಗ್. ಗಾಳಿಯಲ್ಲಿ ಹರಡುವ ಸದ್ದು ಪಿಕಪ್‌ಗೆ ಬೇಕಿಲ್ಲ. ತನ್ನ ಅಯಸ್ಕಾಂತದ ಮೇಲೆ ಉಕ್ಕಿನ ತಂತಿ ಅಲುಗುವುದನ್ನಷ್ಟೇ ಅದು ಹಿಡಿಯುತ್ತದೆ. ಸ್ಟ್ರಾಟ್‌ನದು ಒಂದೇ ಸುರುಳಿ. ಗಿಬ್ಸನ್‌ನ ಎಂಜಿನಿಯರ್ ಸೇತ್ ಲವರ್ ರೂಪಿಸಿದ, 1957ರಿಂದ ಲೆಸ್ ಪಾಲ್‌ಗೆ ಬಂದ ಹಂಬಕರ್ ಪಿಕಪ್‌ನಲ್ಲಿ ಎರಡು ಸುರುಳಿಗಳನ್ನೂ ಅವುಗಳ ಅಯಸ್ಕಾಂತದ ಧ್ರುವಗಳನ್ನೂ ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರುತ್ತಾರೆ. ಕರೆಂಟಿನ ಗುಂಯ್‌ಗುಡುವಿಕೆ ಎರಡರಲ್ಲೂ ವಿರುದ್ಧವಾಗಿ ಹುಟ್ಟಿ ಅಳಿಸಿಹೋಗುತ್ತದೆ, ತಂತಿಯ ದನಿ ಮಾತ್ರ ಕೂಡಿಕೊಳ್ಳುತ್ತದೆ. ಜೊತೆಗೆ ಇಂಡಕ್ಟನ್ಸ್ (ಬದಲಾಗುವ ಕರೆಂಟನ್ನು ಸುರುಳಿ ತಡೆಯುವ ಗುಣ) ಹೆಚ್ಚುವುದರಿಂದ ಅದರ ನಾದದ ಶಿಖರ, ಅಂದರೆ ಅದು ಅತಿ ಹೆಚ್ಚು ಎತ್ತಿ ತೋರಿಸುವ ಕಂಪನ, 2–3 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ಸ್ಟ್ರಾಟ್‌ನದು ಸಾಮಾನ್ಯ ಕೇಬಲ್‌ನೊಂದಿಗೆ 3–4 ಕಿಲೋಹರ್ಟ್ಸ್‌ನಲ್ಲಿರುತ್ತದೆ. ಒಂದು ‘ತುಂಬು’, ಇನ್ನೊಂದು ‘ತಿಳಿ’ ಎಂದು ಕಿವಿಗೆ ಬೀಳುವ ವ್ಯತ್ಯಾಸದ ದೊಡ್ಡ ಪಾಲು ಇಲ್ಲಿಯದು.

ವಾಲ್ಯೂಮ್ ಗುಂಡಿಯೂ ನಾದವನ್ನು ತಿದ್ದುತ್ತದೆ. ಸ್ಟ್ರಾಟ್‌ನಲ್ಲಿ 250 ಕಿಲೋ ಓಮ್, ಹಂಬಕರ್ ಗಿಟಾರ್‌ನಲ್ಲಿ 500 ಕಿಲೋ ಓಮ್‌ನ ಪಾಟ್ (ಗುಂಡಿಯ ಕೆಳಗಿನ, ವಿದ್ಯುತ್ ತಡೆ ಬದಲಿಸುವ ಬಿಡಿಭಾಗ) ಹಾಕುವುದು ರೂಢಿ. ಮಾಮೂಲಿ ಪಾಟ್‌ಗಳ ಮೌಲ್ಯ ಶೇ 20ರಷ್ಟು ಆಚೀಚೆ ಇರಬಹುದು. 500 ಎಂದು ಬರೆದಿದ್ದರೂ ಮಲ್ಟಿಮೀಟರ್ ಹಿಡಿದರೆ 400 ತೋರಿಸೀತು, ಆಗ ಅದೇ ಮಾಡೆಲ್‌ನ ಎರಡು ಗಿಟಾರ್‌ಗಳಲ್ಲಿ ಒಂದು ಮಂಕಾಗಿ ಕೇಳುತ್ತದೆ. ಕೇಬಲ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪ್ಯಾಸಿಟನ್ಸ್ (ವಿದ್ಯುತ್ ಹಿಡಿದಿಟ್ಟುಕೊಳ್ಳುವ ಗುಣ) ಸೇರಿಸುತ್ತದೆ, ಅದು ಹೆಚ್ಚಿದಷ್ಟೂ ನಾದ ಮಂಕಾಗುತ್ತದೆ. ಒಂದನ್ನು 3 ಮೀಟರ್ ಕೇಬಲ್‌ನಲ್ಲಿ, ಇನ್ನೊಂದನ್ನು 9 ಮೀಟರ್ ಕೇಬಲ್‌ನಲ್ಲಿ ಕೇಳಿ ಮರದ ಬಗ್ಗೆ ಮಾತಾಡುವುದರಲ್ಲಿ ಅರ್ಥವಿಲ್ಲ.

ಸದ್ದಿನ ಮಟ್ಟದಲ್ಲೂ ಮೋಸಹೋಗುವವರೇ ಹೆಚ್ಚು. ತುಸು ಜೋರಾಗಿರುವುದೇ ಕಿವಿಗೆ ‘ಚೆನ್ನಾಗಿದೆ’ ಎನಿಸುತ್ತದೆ, ಹಂಬಕರ್ ಸಹಜವಾಗಿಯೇ ಜೋರು. ಹಾಗೆಂದು ಗಿಟಾರ್‌ನ ವಾಲ್ಯೂಮ್ ಇಳಿಸಿ ಸಮ ಮಾಡಿದರೆ ಮೇಲಿನ ಸ್ವರಗಳ ಹೊಳಪೂ ಇಳಿದುಹೋಗುತ್ತದೆ. ಆ್ಯಂಪ್‌ನಲ್ಲಿಯೇ ಇಳಿಸಬೇಕು. ನುಡಿಸುವವರು ಬೇರೆಯವರಾಗಿ, ಕೇಳುವವರು ಬೆನ್ನು ಮಾಡಿ ಕೂತರೆ ಇನ್ನೂ ಒಳ್ಳೆಯದು.

ನುಡಿಸುವ ಸಲೀಸಿಗೂ ಬೆಲೆಗೂ ನೇರ ಸಂಬಂಧವಿಲ್ಲ. ಕ್ಯಾಲಿಫೋರ್ನಿಯಾದಲ್ಲೋ ಟೆನೆಸಿಯಲ್ಲೋ ಸೆಟಪ್ ಮಾಡಿದ ಗಿಟಾರ್ ಹಡಗು, ಗೋದಾಮು, ಎ.ಸಿ. ಶೋರೂಮು ದಾಟಿ ಮಂಗಳೂರಿನ ಮಳೆಗಾಲಕ್ಕೆ ಬಂದಿಳಿದಾಗ ಕತ್ತಿನ (ಫ್ರೆಟ್‌ಗಳಿರುವ ಉದ್ದನೆಯ ಭಾಗ) ಬಾಗು ಬದಲಾಗಿರುತ್ತದೆ. ಬೆಂಗಳೂರಿನ ಮಾರ್ಚ್‌ನ ಒಣ ಹವೆಯಲ್ಲಿ ಫ್ರೆಟ್‌ಬೋರ್ಡ್ (ಫ್ರೆಟ್‌ಗಳನ್ನು ಕೂರಿಸಿದ ಮರದ ಪಟ್ಟಿ) ಕುಗ್ಗಿ ಫ್ರೆಟ್‌ಗಳ ಅಂಚು ಅಂಗೈಗೆ ಚುಚ್ಚುತ್ತದೆ. ಹೋಲಿಸುವ ಮುನ್ನ ಕತ್ತಿನ ಬಾಗು ನೋಡಲು ಶ್ರುತಿ ಮಾಡಿ, ಮೊದಲ ಫ್ರೆಟ್‌ಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಅತಿ ದಪ್ಪನೆಯ ಆರನೇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು, 8ನೇ ಫ್ರೆಟ್‌ನ ಮೇಲಿನ ಸಂದನ್ನು ಫೀಲರ್ ಗೇಜ್‌ನಿಂದ (ತೆಳು ಲೋಹದ ಅಳತೆಪಟ್ಟಿ) ಅಳೆಯಬೇಕು. 0.25 ಮಿ.ಮೀ. ಹತ್ತಿರ ಇದ್ದರೆ ಸರಿ. ಹೆಚ್ಚಿದ್ದರೆ ಟ್ರಸ್ ರಾಡ್ (ಕತ್ತಿನೊಳಗಿನ ಉಕ್ಕಿನ ಸರಳು) ಬಿಗಿಸಿ, ಕಡಿಮೆಯಿದ್ದರೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತು ಮೀರಬಾರದು. ತಿರುಗದೆ ಹಟ ಹಿಡಿದರೆ ಅಲ್ಲಿಗೇ ನಿಲ್ಲಿಸಿ, ಮುರಿದ ರಾಡ್‌ನ ದುರಸ್ತಿಗೆ ಫ್ರೆಟ್‌ಬೋರ್ಡನ್ನೇ ಕೀಳಬೇಕಾದೀತು. ಆಮೇಲೆ ಕೇಪೋ ತೆಗೆದು 12ನೇ ಫ್ರೆಟ್‌ನಲ್ಲಿ ತಂತಿಯ ಎತ್ತರ ಮೂರೂ ಗಿಟಾರ್‌ಗಳಿಗೆ 1.6 ಮಿ.ಮೀ. ಮಾಡಿ. ನಟ್ ಪರೀಕ್ಷೆಗೆ ಪ್ರತಿ ತಂತಿಯನ್ನು 3ನೇ ಫ್ರೆಟ್‌ನಲ್ಲಿ ಒತ್ತಿದಾಗ ಮೊದಲ ಫ್ರೆಟ್‌ನ ಮೇಲೆ ಕೂದಲೆಳೆಯಷ್ಟೇ ಸಂದಿರಬೇಕು. ಹೆಚ್ಚಿದ್ದರೆ ಮೊದಲ ಫ್ರೆಟ್‌ಗಳ ಸ್ವರ ಶ್ರುತಿಗಿಂತ ಮೇಲೆ ನಿಲ್ಲುತ್ತದೆ. ಲೆಸ್ ಪಾಲ್‌ನಲ್ಲಿ ಮೂರನೇ ತಂತಿ ನಟ್ ದಾಟಿದೊಡನೆ ಹಿಂದಕ್ಕೂ ಪಕ್ಕಕ್ಕೂ ತಿರುಗುವುದರಿಂದ ಸೀಳಿನಲ್ಲಿ ಸಿಕ್ಕಿಕೊಂಡು ಶ್ರುತಿ ತಪ್ಪುತ್ತದೆ. ಪೆನ್ಸಿಲಿನ ಸೀಸದ ಪುಡಿ ಸವರಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಸ್ಟ್ರಾಟ್‌ನಲ್ಲಿ ಪಿಕಪ್ ತಂತಿಗೆ ತೀರಾ ಹತ್ತಿರವಿದ್ದರೆ ಅಯಸ್ಕಾಂತ ತಂತಿಯನ್ನು ಎಳೆದು ಮೇಲಿನ ಫ್ರೆಟ್‌ಗಳಲ್ಲಿ ಮಂದ್ರ ತಂತಿಗಳು ಅಪಶ್ರುತಿಯಾಗಿ ನಡುಗುತ್ತವೆ. ಕೊನೆಯ ಫ್ರೆಟ್ ಒತ್ತಿದಾಗ ಆರನೇ ತಂತಿಗೆ 2.4, ಮೊದಲನೆಯದಕ್ಕೆ 2 ಮಿ.ಮೀ. ಅಂತರವಿರಲಿ.

ಗಿಟಾರ್‌ನಲ್ಲಿ ಕರ್ನಾಟಕ ಸಂಗೀತ ನುಡಿಸುವವರ ಮಾತೇ ಬರಹದಲ್ಲಿ ಬಂದಿಲ್ಲ, ನಮ್ಮ ಓದುಗರಿಗೆ ಅದೇ ಮುಖ್ಯವಾಗಬೇಕಿತ್ತು. ಸ್ಟ್ರಾಟ್‌ನ ಟ್ರೆಮೋಲೋ ಬ್ರಿಡ್ಜ್ (ಹಿಡಿಯಿಂದ ಅಲುಗಿಸಿ ಸ್ವರ ಏರಿಳಿಸುವ ಬ್ರಿಡ್ಜ್) ಸ್ಪ್ರಿಂಗ್‌ಗಳ ಮೇಲೆ ತೇಲುತ್ತಿದ್ದರೆ, ಗಮಕಕ್ಕಾಗಿ ಒಂದು ತಂತಿ ಎಳೆದಾಗ ಬ್ರಿಡ್ಜ್ ಮುಂದಕ್ಕೆ ಬಾಗಿ ಉಳಿದ ತಂತಿಗಳ ಶ್ರುತಿ ಇಳಿಯುತ್ತದೆ. ಪಕ್ಕದಲ್ಲಿ ಮೀಟಿದ ಷಡ್ಜ ಕುಸಿಯುವುದು ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಎಳೆಯುವ ತಂತಿಯನ್ನೂ ಅದೇ ಸ್ವರಕ್ಕೆ ಹೆಚ್ಚು ದೂರ ಎಳೆಯಬೇಕು. ಪರಿಹಾರ ಸುಲಭ: ಹಿಂಬದಿಯಲ್ಲಿ ಮೂರರ ಬದಲು ಐದು ಸ್ಪ್ರಿಂಗ್ ಹಾಕಿ, ಬ್ರಿಡ್ಜ್ ದೇಹಕ್ಕೆ ಒರಗುವಂತೆ ತಿರುಪು ಬಿಗಿಸಿ. ಲೆಸ್ ಪಾಲ್‌ನ ಸ್ಥಿರ ಬ್ರಿಡ್ಜ್‌ನಲ್ಲಿ ಈ ತೊಂದರೆ ಇಲ್ಲವೇ ಇಲ್ಲ. ಇನ್ನು ಹಳೆಯ ಮಾದರಿ ಸ್ಟ್ರಾಟ್‌ನ ಫ್ರೆಟ್‌ಬೋರ್ಡ್ 7.25 ಇಂಚು ತ್ರಿಜ್ಯದಷ್ಟು ಉಬ್ಬಿರುತ್ತದೆ (ತ್ರಿಜ್ಯ ಕಡಿಮೆಯಾದಷ್ಟೂ ಉಬ್ಬು ಹೆಚ್ಚು). ಮೇಲಿನ ಫ್ರೆಟ್‌ಗಳಲ್ಲಿ ದೂರ ಎಳೆದರೆ ತಂತಿ ಉಬ್ಬಿಗೆ ತಗುಲಿ ದನಿ ಸತ್ತುಹೋಗುತ್ತದೆ. ಗಮಕ ಬೇಕಾದವರಿಗೆ ಪಿಆರ್‌ಎಸ್‌ನ 10, ಲೆಸ್ ಪಾಲ್‌ನ 12 ಇಂಚು ಎರಡೂ ಸುರಕ್ಷಿತ. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಎತ್ತರದಲ್ಲಿ ಕೂತಿರುವುದರಿಂದ ಬೆರಳು ಮರ ಮುಟ್ಟುವುದಿಲ್ಲ. ಫ್ರೆಟ್‌ಗಳ ನಡುವೆ ಮರ ಕೆತ್ತಿದ ಸ್ಕ್ಯಾಲಪ್ ಫ್ರೆಟ್‌ಬೋರ್ಡ್ ಕೊಡುವುದು ಅದೇ ಹಿಡಿತವನ್ನು. ಆದರೆ ಬೆರಳು ತುಸು ಜೋರಾಗಿ ಒತ್ತಿದರೂ ಸ್ವರ ಏರಿಬಿಡುತ್ತದೆ, ಹೊಸಬರಿಗೆ ಅದು ಬೇಡ.

ಮರಕ್ಕೆ ಪಾತ್ರವೇ ಇಲ್ಲ ಎಂದಲ್ಲ. ಸ್ಟ್ರಾಟ್‌ನ ಮೂರನೇ ತಂತಿಯಲ್ಲಿ 5ರಿಂದ 7ನೇ ಫ್ರೆಟ್ ಆಸುಪಾಸಿನ ಯಾವುದೋ ಒಂದು ಸ್ವರ ಬೇಗ ಅಡಗಿಬಿಡುವುದುಂಟು. ಕತ್ತು ತಾನೇ ಆ ಕಂಪನದಲ್ಲಿ ಅಲುಗಿ ತಂತಿಯ ಶಕ್ತಿಯನ್ನು ನುಂಗುತ್ತದೆ. ಕತ್ತಿನ ತುದಿಗೆ ಒಂದು ಸಣ್ಣ ಕ್ಲಾಂಪ್ ಸಿಕ್ಕಿಸಿದರೆ ಆ ಜಾಗ ಸರಿಯುತ್ತದೆ. ಕೊಳ್ಳುವ ಮುನ್ನ ಪ್ಲಗ್ ಹಾಕದೆಯೇ ಆ ತಂತಿಯ ಒಂದೊಂದು ಸ್ವರವನ್ನೂ ಮೀಟಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೇಳಿ. ಒಂದೇ ಮಾಡೆಲ್‌ನ ಎರಡು ಗಿಟಾರ್‌ಗಳು ಇದರಲ್ಲಿ ಬೇರೆಬೇರೆಯಾಗಿರುತ್ತವೆ, ಬೆಲೆಪಟ್ಟಿ ಅದನ್ನು ಹೇಳುವುದಿಲ್ಲ.

ಇನ್ನೊಂದು ಮಾತು. ಫ್ರೆಟ್‌ಬೋರ್ಡ್‌ನ ‘ಅಪರೂಪದ ವಿದೇಶಿ ರೋಸ್‌ವುಡ್’ ಎಂದು ನಿಮ್ಮ ಲೇಖಕರು ಬರೆದಿರುವುದು ಬಹುಪಾಲು ನಮ್ಮ ಬೀಟೆ ಮರವೇ, ಮಲೆನಾಡಿನ ಹಳೆಯ ಮಂಚ, ಬೀರುಗಳ ಬೀಟೆ. ಬ್ರೆಜಿಲ್‌ನ ರೋಸ್‌ವುಡ್ ವ್ಯಾಪಾರಕ್ಕೆ 1992ರಲ್ಲಿ ಅಂತರರಾಷ್ಟ್ರೀಯ ನಿರ್ಬಂಧ ಬಿತ್ತು. 2017ರ ಜನವರಿಯಿಂದ ಬೀಟೆಯೂ ಸೇರಿ ಆ ಕುಲದ ಎಲ್ಲ ಮರಗಳನ್ನು ದೇಶದಿಂದ ದೇಶಕ್ಕೆ ಸಾಗಿಸಲು ಪರವಾನಗಿ ಬೇಕಾಯಿತು, 2019ರ ನವೆಂಬರ್‌ನಿಂದ ಬ್ರೆಜಿಲ್‌ನದನ್ನು ಬಿಟ್ಟು ಉಳಿದವುಗಳ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ.

ಮುಂದಿನ ಸಲ ಇಂಥ ಹೋಲಿಕೆ ಪ್ರಕಟಿಸುವಾಗ ಪಕ್ಕದಲ್ಲೊಂದು ಚಿಕ್ಕ ಚೌಕಟ್ಟು ಹಾಕಿ, ಪ್ರತಿ ಗಿಟಾರ್‌ನ ತಂತಿಯ ದಪ್ಪ, 12ನೇ ಫ್ರೆಟ್‌ನಲ್ಲಿ ತಂತಿಯ ಎತ್ತರ, ಪಿಕಪ್‌ನ ಅಂತರ, ಕೇಬಲ್‌ನ ಉದ್ದ, ಆ್ಯಂಪ್‌ನ ಹೆಸರು ಇಷ್ಟನ್ನು ಕೊಡಬೇಕೆಂದು ಕೋರುತ್ತೇನೆ.

– ಗಿಟಾರ್ ದುರಸ್ತಿಗಾರರೊಬ್ಬರು, ಬೆಂಗಳೂರು