ಮರಿ ಹಾಕಿದ ಮೊಲ ಇರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. "ತಾಯಿ ಮೊಲ ಮರಿಗಳ ಹತ್ತಿರಾನೇ ಹೋಗ್ತಿಲ್ಲ, ಏನು ಮಾಡೋದು?" ಅಂತ ತುಂಬಾ ಜನ ಕೇಳುತ್ತಿದ್ದೀರಿ. ಗಾಬರಿಯಾಗಿ ಹಸುವಿನ ಹಾಲು ಕುಡಿಸಬೇಡಿ. ಮೊಲ ದಿನಕ್ಕೆ ಒಂದೋ ಎರಡೋ ಸಲ, ಅದೂ ಕೆಲವೇ ನಿಮಿಷ ಹಾಲು ಕೊಡುತ್ತದೆ. ಹೆಚ್ಚಾಗಿ ರಾತ್ರಿ ಇಲ್ಲವೇ ನಸುಕಿನಲ್ಲಿ, ನಾವು ನೋಡದ ಹೊತ್ತಲ್ಲಿ. ಬೆಳಿಗ್ಗೆ ಮರಿಯ ಹೊಟ್ಟೆ ನೋಡಿ. ದುಂಡಗಿದ್ದರೆ ಹಾಲು ಸಿಕ್ಕಿದೆ. ಹೊಟ್ಟೆ ಒಳಸೇರಿ, ಚರ್ಮ ಸುಕ್ಕಾಗಿ, ಮೈ ತಣ್ಣಗಿದ್ದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ.

ಗರ್ಭದ ಅವಧಿ ಸುಮಾರು 30-32 ದಿನ. 28ನೇ ದಿನಕ್ಕೆ ಒಣಹುಲ್ಲು ಹಾಸಿದ ಪೆಟ್ಟಿಗೆ ಗೂಡಿನೊಳಗೆ ಇಡಿ. ತಾಯಿ ತನ್ನ ಮೈಕೂದಲು ಕಿತ್ತು ಅದರಲ್ಲಿ ಹಾಸುತ್ತದೆ. ಕಸ ಅಂತ ಅದನ್ನು ತೆಗೆಯಬೇಡಿ. ಬರಿಮೈಯಲ್ಲಿ ಹುಟ್ಟುವ ಮರಿಗಳಿಗೆ ಅದೇ ಹೊದಿಕೆ.

ಗಂಡು ಮೊಲವನ್ನು ಮೊದಲೇ ಬೇರೆ ಗೂಡಿಗೆ ಹಾಕಿ. ಮರಿ ಹಾಕಿದ ದಿನವೇ ಹೆಣ್ಣು ಮತ್ತೆ ಗರ್ಭ ಕಟ್ಟಬಹುದು. ಪಾಪ, ಅದರ ಮೈಗೆ ಎಷ್ಟು ಕಷ್ಟ ಅಲ್ವಾ? ಮರಿಗಳನ್ನು ಸಾಕುವವರು ಯಾರು ಅಂತ ಗೊತ್ತಾಗದೆ ಸುಮ್ನೆ ಜೋಡಿ ಮಾಡಿಸಲೇಬೇಡಿ. ಮರಿಯನ್ನು ಸಾಕಲು ಒಯ್ಯಬೇಕು ಅನ್ನುವವರು ಅದಕ್ಕೆ ಎಂಟು ವಾರ ತುಂಬುವವರೆಗೆ ಕಾಯಿರಿ.