ಸೀಟು ಸಿಕ್ಕ ಮೇಲಲ್ಲ, ಸಿಇಟಿ ಬರೆಯುವ ಮೊದಲೇ ಹೇಳಿ

ಸಂಪಾದಕರಿಗೆ ನಮಸ್ಕಾರ.

ಪ್ರತಿ ವರ್ಷ ಪಿಯುಸಿ ಫಲಿತಾಂಶ ಬಂದ ಮಾರನೇ ದಿನ ನಿಮ್ಮ ಪತ್ರಿಕೆಯ ತುಂಬಾ ಹೆಚ್ಚು ಅಂಕ ತೆಗೆದ ಮಕ್ಕಳ ಫೋಟೊ ಇರುತ್ತವೆ. ನೋಡಿದರೆ ಖುಷಿಯಾಗುತ್ತದೆ. ಜೊತೆಗೆ ಇನ್ನೊಂದು ವಿಷಯಕ್ಕೂ ಸ್ವಲ್ಪ ಜಾಗ ಕೊಡಿ ಅಂತ ಕೇಳಲು ಈ ಪತ್ರ. ಕಾಲೇಜು ಫೀಸಿಗೆ ಎಲ್ಲೆಲ್ಲಿ ಸಹಾಯ ಸಿಗುತ್ತದೆ, ಅದಕ್ಕೆ ಯಾವ ಕಾಗದವನ್ನು ಯಾವಾಗ ಮಾಡಿಸಿಟ್ಟಿರಬೇಕು ಅನ್ನುವುದನ್ನು ಬರೆಯಿರಿ. ಅದೂ ಫಲಿತಾಂಶದ ನಂತರ ಬೇಡ, ಡಿಸೆಂಬರ್ ಜನವರಿಯಲ್ಲೇ ಬರಲಿ.

ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಸೈಬರ್ ಸೆಂಟರ್ ನಡೆಸುತ್ತೇನೆ. ಸಿಇಟಿ ಅರ್ಜಿ, ಸ್ಕಾಲರ್‌ಶಿಪ್ ಅರ್ಜಿ, ಎಜುಕೇಶನ್ ಲೋನ್ ಅರ್ಜಿ ಎಲ್ಲವೂ ನನ್ನ ಕೈ ಮೇಲೆ ಹೋಗುತ್ತವೆ. ಹೆಚ್ಚಿನ ಮನೆಗಳಲ್ಲಿ ದುಡ್ಡಿನ ಮಾತು ಶುರುವಾಗುವುದೇ ಕೆಇಎ (ಸಿಇಟಿ ನಡೆಸುವ ರಾಜ್ಯದ ಪರೀಕ್ಷಾ ಪ್ರಾಧಿಕಾರ) ಸೀಟು ಹಂಚಿದ ದಿನ. ಫೀಸು ಕಟ್ಟಲು ಇರುವುದು ಕೆಲವೇ ದಿನ. ಅಷ್ಟರಲ್ಲಿ ಯಾವ ಸ್ಕಾಲರ್‌ಶಿಪ್ಪೂ ಬರುವುದಿಲ್ಲ, ಬ್ಯಾಂಕಿನ ಸಾಲವೂ ಮಂಜೂರಾಗುವುದಿಲ್ಲ. ಹಾಗಾಗಿ ತಾಯಿಯ ಒಡವೆ ಗಿರವಿಗೆ ಹೋಗುತ್ತದೆ, ಇಲ್ಲವೇ ಊರಲ್ಲಿ ಕೈಸಾಲ ಮಾಡುತ್ತಾರೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಅಂದರೆ ಕೇಳೋಕೆ ಸಣ್ಣದು. ಲೆಕ್ಕ ಹಾಕಿದರೆ ವರ್ಷಕ್ಕೆ ಶೇ 36. ಆರು ತಿಂಗಳ ನಂತರ ಸ್ಕಾಲರ್‌ಶಿಪ್ ಬಂದರೂ ಅದರಲ್ಲಿ ದೊಡ್ಡ ಪಾಲು ಆ ಬಡ್ಡಿಗೇ ಹೋಗುತ್ತದೆ. ಮಗು ಓದಲಿ ಅಂತ ಸರ್ಕಾರ ಕೊಟ್ಟ ದುಡ್ಡು ಸಾಲ ಕೊಟ್ಟವರ ಕೈ ಸೇರುವುದನ್ನು ನೋಡಿ ನೋಡಿ ಹೊಟ್ಟೆ ಉರಿದೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ತಪ್ಪು ತಿಳಿವಳಿಕೆ ಆದಾಯದ ಮಿತಿಯದ್ದು. 'ನಮ್ಮ ಆದಾಯ ಎರಡೂವರೆ ಲಕ್ಷ ದಾಟಿದೆ, ನಮಗೆ ಏನೂ ಸಿಗಲ್ಲ ಅಲ್ವಾ?' ಅಂತ ತುಂಬಾ ಜನ ಕೇಳುತ್ತಾರೆ. ಎರಡೂವರೆ ಲಕ್ಷ ಅನ್ನುವುದು ಪರಿಶಿಷ್ಟ ಜಾತಿಯ ಮಕ್ಕಳಿಗೆ ಕೇಂದ್ರದ ನೆರವಿನಿಂದ ಕೊಡುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಮಿತಿ. ಹಿಂದುಳಿದ ವರ್ಗಗಳಿಗೆ ಮಿತಿ ಬೇರೆ. ಪಿಯುಸಿಯಲ್ಲಿ ಚೆನ್ನಾಗಿ ಅಂಕ ತೆಗೆದವರಿಗೆ ಕೇಂದ್ರ ಸರ್ಕಾರ ಕೊಡುವ ಸ್ಕಾಲರ್‌ಶಿಪ್ಪಿಗೆ 4.5 ಲಕ್ಷದವರೆಗೆ ಆದಾಯ ಇರಬಹುದು. ತಮ್ಮ ಬೋರ್ಡಿನಲ್ಲಿ ಮೇಲಿನ ಶೇ 20ರೊಳಗೆ ಬಂದವರು ಅದಕ್ಕೆ ಅರ್ಜಿ ಹಾಕಬಹುದು, ಪದವಿಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ತಾಂತ್ರಿಕ ಕೋರ್ಸ್ ಸೇರುವ ಹೆಣ್ಣುಮಕ್ಕಳಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ 'ಪ್ರಗತಿ' ಸ್ಕಾಲರ್‌ಶಿಪ್ ಇದೆ. ವರ್ಷಕ್ಕೆ 50,000 ರೂಪಾಯಿ, ಆದಾಯ ಮಿತಿ 8 ಲಕ್ಷ, ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳವರೆಗೆ. ಡಿಪ್ಲೊಮಾಗೂ ಅನ್ವಯಿಸುತ್ತದೆ. ಇದರ ಹೆಸರನ್ನೇ ಕೇಳದ ಅಪ್ಪ ಅಮ್ಮಂದಿರು ನಮ್ಮ ಕಡೆ ಜಾಸ್ತಿ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಪದವಿಗೆ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುವ ಯೋಜನೆಯೂ ಈಗ ನಮ್ಮ ರಾಜ್ಯಕ್ಕೆ ಬಂದಿದೆ.

ಇನ್ನು ಎಂಜಿನಿಯರಿಂಗ್ ಸೇರುವವರು ತಿಳಿದಿರಲೇಬೇಕಾದದ್ದು ಎಸ್‌ಎನ್‌ಕ್ಯೂ, ಅಂದರೆ ಸೂಪರ್‌ನ್ಯೂಮರರಿ ಕೋಟಾ. ಕಾಲೇಜಿಗೆ ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟುಗಳು ಇದರಲ್ಲಿರುತ್ತವೆ. ಕುಟುಂಬದ ಆದಾಯ 8 ಲಕ್ಷದೊಳಗಿದ್ದು ಮೆರಿಟ್‌ನಲ್ಲಿ ಈ ಸೀಟು ಬಂದರೆ ಬೋಧನಾ ಶುಲ್ಕ ಇಲ್ಲ. ಬೇರೆ ಸಣ್ಣಪುಟ್ಟ ಶುಲ್ಕ ಕಟ್ಟಬೇಕು, ಅಷ್ಟೇ. ಆದರೆ ಆದಾಯ ಪತ್ರದ ಮೇಲಿರುವ ಆರ್‌ಡಿ ನಂಬರನ್ನು ಸಿಇಟಿ ಅರ್ಜಿ ತುಂಬುವಾಗಲೇ ಹಾಕಬೇಕು. ಆ ಸಮಯಕ್ಕೆ ನಾಡಕಚೇರಿಗೆ ಹೋಗದೆ 'ಆಮೇಲೆ ಮಾಡಿಸಿದರಾಯಿತು' ಅಂದವರು, ಮಗುವಿಗೆ ಒಳ್ಳೆ ರ‍್ಯಾಂಕ್ ಬಂದಾಗ ಒದ್ದಾಡುತ್ತಾರೆ. ಆದಾಯ ಪತ್ರ ಒಮ್ಮೆ ಮಾಡಿಸಿದರೆ ಐದು ವರ್ಷ ನಡೆಯುತ್ತದೆ. ಹತ್ತನೇ ತರಗತಿಯಲ್ಲಿ ಮಾಡಿಸಿಟ್ಟರೂ ಸಿಇಟಿ ಹೊತ್ತಿಗೆ ಕೈಯಲ್ಲಿರುತ್ತದೆ. ಇಷ್ಟು ಸಣ್ಣ ವಿಷಯವನ್ನು ಯಾರೂ ಮೊದಲೇ ಹೇಳುವುದಿಲ್ಲ.

ಅರ್ಜಿ ಹಾಕಿದ ಮೇಲೂ ದುಡ್ಡು ನಿಲ್ಲುವ ಜಾಗಗಳಿವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮತ್ತೊಂದು ಸ್ಪೆಲ್ಲಿಂಗ್. ಎಲ್ಲಾ ಒಂದೇ ಮಗುವಿನದ್ದು, ಆದರೆ ಕಂಪ್ಯೂಟರಿಗೆ ಅವರೆಲ್ಲ ಬೇರೆ ಬೇರೆ ಜನ. ಇದಕ್ಕಿಂತ ದೊಡ್ಡ ತೊಂದರೆ ಆಧಾರ್ ಸೀಡಿಂಗ್‌ನದ್ದು, ಅಂದರೆ ಆಧಾರನ್ನು ಬ್ಯಾಂಕ್ ಖಾತೆಗೆ ಜೋಡಿಸುವುದರದ್ದು. ಎಸ್‌ಎಸ್‌ಪಿ, ಅಂದರೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್‌ನ ದುಡ್ಡು ನೀವು ತೋರಿಸಿದ ಪಾಸ್‌ಬುಕ್ ನೋಡಿಕೊಂಡು ಬರುವುದಿಲ್ಲ. ಆಧಾರ್ ನಂಬರನ್ನು ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐನಲ್ಲಿ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಿಸಲಾಗಿದೆಯೋ ಅಲ್ಲಿಗೆ ಹೋಗುತ್ತದೆ. ಪ್ರೈಮರಿ ಶಾಲೆಯಲ್ಲಿ ತೆರೆಸಿದ ಖಾತೆ ಒಂದಿರುತ್ತದೆ, ಪಿಯುಸಿಯಲ್ಲಿ ಇನ್ನೊಂದು, ಆಮೇಲೆ ಯಾರೋ ಮೊಬೈಲ್ ಆ್ಯಪ್‌ನಲ್ಲಿ ಮೂರನೆಯದನ್ನು ಮಾಡಿಸಿರುತ್ತಾರೆ. ದುಡ್ಡು ಯಾವುದೋ ಹಳೆಯ ಖಾತೆಯಲ್ಲಿ ಬಿದ್ದಿರುತ್ತದೆ, ಇಲ್ಲವೇ ವಾಪಸ್ ಹೋಗಿರುತ್ತದೆ, ಮಗು ಮಾತ್ರ 'ನನಗೆ ಬಂದೇ ಇಲ್ಲ' ಅಂತ ಅಲೆಯುತ್ತಿರುತ್ತದೆ. ಫೋನಿನಲ್ಲಿ ಡಿಬಿಟಿ ಕರ್ನಾಟಕ ಆ್ಯಪ್ ಹಾಕಿಕೊಂಡರೆ ಯಾವ ಬ್ಯಾಂಕಿಗೆ ಎಷ್ಟು ಹೋಗಿದೆ ಅಂತ ಮನೆಯಲ್ಲೇ ನೋಡಬಹುದು. ಅದಕ್ಕೆ ಸೈಬರ್ ಸೆಂಟರಿಗೆ ಬಂದು ದುಡ್ಡು ಕೊಡಬೇಕಾಗಿಲ್ಲ. ಸೈಬರ್ ಸೆಂಟರಿನವನಾಗಿಯೇ ಹೇಳುತ್ತಿದ್ದೇನೆ.

ರೈತರ ಮಕ್ಕಳ ಕಷ್ಟ ಇನ್ನೊಂದು ರೀತಿಯದ್ದು. 2021ರಲ್ಲಿ ರೈತ ವಿದ್ಯಾನಿಧಿ ಶುರುವಾದಾಗ ಎಂಜಿನಿಯರಿಂಗ್ ಓದುವ ಹುಡುಗರಿಗೆ 10,000, ಹುಡುಗಿಯರಿಗೆ 11,000 ರೂಪಾಯಿ ಅಂತ ಘೋಷಣೆಯಾಯಿತು. ಅದಕ್ಕೆ ಅಪ್ಪ ಅಥವಾ ಅಮ್ಮನ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತರ ನೋಂದಣಿ ಸಂಖ್ಯೆ ಬೇಕು. ಫ್ರೂಟ್ಸ್ ಐಡಿಗೆ ಪಹಣಿಯಲ್ಲಿ ಹೆಸರು ಬೇಕು. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜಮೀನು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದೆ. ಉಳುವವರು ಅಪ್ಪ, ಪಹಣಿಯಲ್ಲಿ ಅಜ್ಜ. ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಮಾಡಿಸದೆ ಬಿಟ್ಟದ್ದು ಮೊಮ್ಮಗಳ ಕಾಲೇಜಿನವರೆಗೂ ಬಂದು ಕಾಡುತ್ತದೆ ಅಂತ ಯಾರಿಗೂ ಹೊಳೆದಿರುವುದಿಲ್ಲ.

ಹಾಸ್ಟೆಲ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬಿಸಿಎಂ (ಹಿಂದುಳಿದ ವರ್ಗಗಳ) ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್‌ಗಳಿಗೆ ಕಾಲೇಜು ಸೇರಿದ ಕೂಡಲೇ ಅರ್ಜಿ ಹಾಕಿ. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ. ಊಟ ವಸತಿಗೆ ತಿಂಗಳಿಗೆ ಇಷ್ಟು ಅಂತ ವರ್ಷಕ್ಕೆ ಹತ್ತು ತಿಂಗಳು ದುಡ್ಡು ಕೊಡುತ್ತಾರೆ. ನಮ್ಮ ಹಿರಿಯರು ವಾರಾನ್ನ ಮಾಡಿಕೊಂಡು ಓದಿದವರು, ಸಿದ್ಧಗಂಗೆಯಂಥ ಮಠಗಳು ಅನ್ನ ಆಶ್ರಯ ಕೊಟ್ಟು ಓದಿಸಿದ್ದಕ್ಕೆ ಎಷ್ಟು ಮನೆಗಳು ಮೇಲೆ ಬಂದಿವೆ. ಊಟ ಮತ್ತು ಇರುವ ಜಾಗದ ಖರ್ಚು ಫೀಸಿಗಿಂತ ಜಾಸ್ತಿಯಾಗುವ ಮನೆಗಳೇ ಹೆಚ್ಚು. ಆದರೂ ಕಾಲೇಜು ಹುಡುಕುವಾಗ ಆ ಲೆಕ್ಕವನ್ನು ಯಾರೂ ಹಾಕುವುದಿಲ್ಲ.

ಈಗ ಸಾಲದ ವಿಷಯ. ಇಲ್ಲೇ ಜನ ಜಾಸ್ತಿ ಹೆದರುವುದು, ಜಾಸ್ತಿ ಮೋಸ ಹೋಗುವುದೂ ಇಲ್ಲೇ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕು ಮನೆ, ಜಮೀನು ಏನನ್ನೂ ಅಡಮಾನ ಕೇಳುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ನಿಯಮ. 7.5 ಲಕ್ಷದವರೆಗೂ ಅಡಮಾನ ಇಲ್ಲದೆ ಕೊಡಲಿ ಅಂತಲೇ ಕೇಂದ್ರ ಸರ್ಕಾರ ಗ್ಯಾರಂಟಿ ನಿಧಿ ಮಾಡಿದೆ. ಸಾಲ ಮುಳುಗಿದರೆ ಶೇ 75ರಷ್ಟನ್ನು ಆ ನಿಧಿಯೇ ತುಂಬಿಕೊಡುತ್ತದೆ. ಹೀಗಿದ್ದರೂ ಪರಿಚಯದ ಹುಡುಗನೊಬ್ಬನಿಗೆ ನಮ್ಮ ಕಡೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಮೂರು ಲಕ್ಷದ ಸಾಲಕ್ಕೆ 'ಮನೆ ಪತ್ರ ತಗೊಂಡು ಬಾ' ಅಂದರು. ಅವನ ಅಪ್ಪ ತಲೆ ತಗ್ಗಿಸಿಕೊಂಡು ಎದ್ದು ಬಂದರು. ಅಂಥವರಿಗೆಲ್ಲ ನಾನು ಹೇಳುವುದು ಇಷ್ಟು: ಬಾಯಿ ಮಾತಿನ 'ಆಗಲ್ಲ' ಕೇಳಿಕೊಂಡು ಬರಬೇಡಿ. ಅರ್ಜಿಯನ್ನು ಆನ್‌ಲೈನ್‌ನಲ್ಲಿ ಹಾಕಿ, ನಂಬರ್ ಇಟ್ಟುಕೊಳ್ಳಿ. ಇಲ್ಲ ಅಂದರೆ ಕಾರಣವನ್ನು ಬರೆದು ಕೊಡಲು ಕೇಳಿ. ಬ್ಯಾಂಕಿಗೆ ದೂರು ಕೊಟ್ಟು ಮೂವತ್ತು ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ 14448ಕ್ಕೆ ಫೋನ್ ಮಾಡಿ.

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಪಟ್ಟಿಯಲ್ಲಿರುವ ಒಳ್ಳೆಯ ಕಾಲೇಜುಗಳಿಗೆ ಮೆರಿಟ್‌ನಲ್ಲಿ ಸೇರಿದವರಿಗೆ ಅಡಮಾನವೂ ಜಾಮೀನುದಾರರೂ ಇಲ್ಲದೆ ಸಾಲ. ಕುಟುಂಬದ ಆದಾಯ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ಸಹಾಯ ಪಡೆಯದಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಓದು ಮುಗಿದು ಒಂದು ವರ್ಷದ ತನಕ ಬಡ್ಡಿಯಲ್ಲಿ ಶೇ 3ರಷ್ಟು ರಿಯಾಯಿತಿ. ಇದನ್ನು ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ ಕೊಡುತ್ತಾರೆ. ಆದಾಯ 4.5 ಲಕ್ಷದೊಳಗಿದ್ದು, ಮಾನ್ಯತೆ ಇರುವ ಕಡೆ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಸೇರಿದವರಿಗೆ ಓದುವ ವರ್ಷಗಳ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಪೂರ್ತಿ ಸರ್ಕಾರವೇ ಕಟ್ಟುವ ಯೋಜನೆ ಬೇರೆ ಇದೆ. ರಾಜ್ಯದಲ್ಲಿ ದೇವರಾಜ ಅರಸು ನಿಗಮ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಇದೆ, ಅದರ ದರ ಶೇ 2 ಮಾತ್ರ. ಬ್ಯಾಂಕಿಗೆ ಹೋಗುವ ಮೊದಲು ಇದನ್ನು ವಿಚಾರಿಸಿ.

ಬಡ್ಡಿಯ ಲೆಕ್ಕವನ್ನೂ ಒಮ್ಮೆ ಕೂತು ಮಾಡಿ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ ಸಾಲ ತೆಗೆದರು ಅಂದುಕೊಳ್ಳಿ, ಬಡ್ಡಿ ಶೇ 10. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ, ಸರಿ. ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000, ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ನಾಲ್ಕನೆಯದಕ್ಕೆ 20,000. ಬರೀ ಸರಳ ಬಡ್ಡಿ ಹಿಡಿದರೂ ಕಂತು ಶುರುವಾಗುವ ದಿನ 4 ಲಕ್ಷ ಇದ್ದದ್ದು 5.4 ಲಕ್ಷ ಆಗಿರುತ್ತದೆ. ಮೊದಲ ವರ್ಷದಿಂದಲೇ ತಿಂಗಳಿಗೆ ಎಂಟುನೂರು ಚಿಲ್ಲರೆ ಬಡ್ಡಿ ಕಟ್ಟಿಕೊಂಡು ಶುರು ಮಾಡಿ, ಸಾಲ ಏರಿದಂತೆ ಅದನ್ನೂ ಏರಿಸುತ್ತಾ ಹೋದರೆ ಈ 1.4 ಲಕ್ಷದ ಹೊರೆ ಕೊನೆಗೆ ಒಟ್ಟಿಗೆ ಬೀಳುವುದಿಲ್ಲ. ಹಾಗೆ ಕಟ್ಟುವವರಿಗೆ ಹಲವು ಬ್ಯಾಂಕುಗಳು ಬಡ್ಡಿಯಲ್ಲಿ ಶೇ 1 ಕಡಿಮೆ ಮಾಡುತ್ತವೆ. ಕೇಳಿದರೆ ಮಾತ್ರ ಹೇಳುತ್ತಾರೆ.

ಮ್ಯಾನೇಜ್‌ಮೆಂಟ್ ಕೋಟಾ ಸೀಟಿನ ಬಗ್ಗೆ ಒಂದು ಎಚ್ಚರಿಕೆ. 'ಸೀಟು ಹಿಡಿದುಬಿಡಿ, ಸಾಲ ಸ್ಕಾಲರ್‌ಶಿಪ್ ಎಲ್ಲಾ ನಾವು ಮಾಡಿಸಿ ಕೊಡ್ತೀವಿ' ಅಂತ ಏಜೆಂಟರು ಪಿಯುಸಿ ಪರೀಕ್ಷೆ ಮುಗಿಯುವ ಮೊದಲೇ ಫೋನ್ ಮಾಡುತ್ತಾರೆ. ಆ ಸೀಟು ತೆಗೆದುಕೊಂಡರೆ ಮೇಲೆ ಹೇಳಿದ ಸರ್ಕಾರಿ ಸಹಾಯಗಳಲ್ಲಿ ಹೆಚ್ಚಿನವು ಸಿಗುವುದಿಲ್ಲ. ಮುಂಗಡ ಕೊಟ್ಟ ಮೇಲೆ ಇದು ಗೊತ್ತಾಗಿ ಅತ್ತವರನ್ನು ನೋಡಿದ್ದೇನೆ.

ಒಂದು ಪಡೆದರೆ ಇನ್ನೊಂದು ಇಲ್ಲ ಅನ್ನುವ ನಿಯಮಗಳೂ ಇವೆ. ಉದಾಹರಣೆಗೆ ಆ 12,000ದ ಕೇಂದ್ರ ಸ್ಕಾಲರ್‌ಶಿಪ್ ತೆಗೆದುಕೊಳ್ಳುವವರು ಬೇರೆ ಸ್ಕಾಲರ್‌ಶಿಪ್ ಅಥವಾ ಶುಲ್ಕ ವಿನಾಯಿತಿ ಪಡೆಯುವಂತಿಲ್ಲ. ಅದನ್ನು ಪ್ರತಿ ವರ್ಷ ನವೀಕರಿಸಬೇಕು, ಶೇ 50 ಅಂಕ, ಶೇ 75 ಹಾಜರಾತಿ ಬೇಕು. ಯಾವುದು ಲಾಭ ಅಂತ ಮಗುವಿನ ಜೊತೆ ಕೂತು ಲೆಕ್ಕ ಹಾಕಲು ಒಬ್ಬರು ಬೇಕು. ಪಟ್ಟಣದ ಮನೆಗಳಲ್ಲಿ ಅಣ್ಣನೋ ಚಿಕ್ಕಪ್ಪನೋ ಇರುತ್ತಾರೆ. ಮನೆಯಲ್ಲಿ ಮೊದಲ ಬಾರಿ ಕಾಲೇಜು ಮೆಟ್ಟಿಲು ಹತ್ತುವ ಹುಡುಗಿಗೆ ಯಾರಿದ್ದಾರೆ? ಆ ಕೆಲಸವನ್ನು ಪಿಯು ಕಾಲೇಜು ಮಾಡಬೇಕು. ಪ್ರತಿ ಕಾಲೇಜಿನಲ್ಲಿ ಒಬ್ಬ ಉಪನ್ಯಾಸಕರಿಗೆ ಈ ಜವಾಬ್ದಾರಿ ಕೊಡಿ, ಅದಕ್ಕೆ ತಕ್ಕಂತೆ ಅವರ ಬೇರೆ ಕೆಲಸ ಕಡಿಮೆ ಮಾಡಿ. ನವೆಂಬರ್‌ನಲ್ಲಿ ಒಂದು ಶನಿವಾರ ಅಪ್ಪ ಅಮ್ಮಂದಿರನ್ನು ಕರೆಸಿ. ಆರ್‌ಡಿ ನಂಬರ್ ಇದೆಯಾ, ಹೆಸರು ಹೊಂದುತ್ತದೆಯಾ, ಆಧಾರ್ ಯಾವ ಖಾತೆಗೆ ಸೀಡ್ ಆಗಿದೆ, ಈ ಮೂರನ್ನು ಅಲ್ಲೇ ನೋಡಿಬಿಡಿ. ಪಿಯು ಇಲಾಖೆ ಮನಸ್ಸು ಮಾಡಿದರೆ ಇದಕ್ಕೆ ಹೊಸ ಯೋಜನೆ ಬೇಡ, ಹೊಸ ದುಡ್ಡೂ ಬೇಡ.

ಕಾಲೇಜು ಆಡಳಿತ ಮಂಡಳಿಗಳಿಗೂ ಒಂದು ಮಾತು. ಸ್ಕಾಲರ್‌ಶಿಪ್ ಅಥವಾ ಸಾಲ ಮಂಜೂರಾದ ಪತ್ರ ತೋರಿಸಿದ ಮಗುವಿಗೆ ಫೀಸನ್ನು ಕಂತಿನಲ್ಲಿ ಕಟ್ಟಲು ಬಿಡಿ. ಫೀಸು ಬಾಕಿ ಇದೆ ಅಂತ ಹಾಲ್ ಟಿಕೆಟ್ ಹಿಡಿದಿಟ್ಟುಕೊಳ್ಳಬೇಡಿ. ಆ ದುಡ್ಡು ತಡವಾಗಿದ್ದು ಮಗುವಿನಿಂದಲ್ಲ.

ನಿಮ್ಮಿಂದ ಕೇಳುವುದು, ಸಂಪಾದಕರೇ, ಡಿಸೆಂಬರ್‌ನಿಂದ ಸಿಇಟಿವರೆಗೆ ವಾರಕ್ಕೊಮ್ಮೆ ಜಿಲ್ಲಾ ಪುಟದಲ್ಲಿ ಒಂದು ಕಾಲಂ. ಒಂದು ವಾರ ಒಂದೇ ಯೋಜನೆ, ಯಾರಿಗೆ, ಎಷ್ಟು, ಯಾವ ಕಾಗದ, ಕೊನೆಯ ದಿನ ಯಾವುದು. ಪ್ರತಿ ವರ್ಷ ಮಿತಿಗಳೂ ದಿನಾಂಕಗಳೂ ಬದಲಾಗುವುದರಿಂದ ನಿಮ್ಮ ವರದಿಗಾರರೇ ಇಲಾಖೆಗೆ ಹೋಗಿ ಆ ವರ್ಷದ ಆದೇಶ ನೋಡಿ ಬರೆಯಬೇಕು. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಹಳೆಯ ಪಟ್ಟಿ ನಂಬಿ ದಿನಾಂಕ ತಪ್ಪಿಸಿಕೊಂಡವರು ಬೇಕಾದಷ್ಟಿದ್ದಾರೆ. ಕಾಲಂ ಶುರು ಮಾಡಿದರೆ ಅದನ್ನು ಕತ್ತರಿಸಿ ನಮ್ಮ ಸೆಂಟರಿನ ಬಾಗಿಲಿಗೂ, ಅನುಮತಿ ಕೊಟ್ಟರೆ ಇಲ್ಲಿನ ಪಿಯು ಕಾಲೇಜುಗಳ ನೋಟಿಸ್ ಬೋರ್ಡಿಗೂ ಅಂಟಿಸುವ ಕೆಲಸ ನನ್ನದು.

— ಸೈಬರ್ ಸೆಂಟರ್ ನಡೆಸುವ ಓದುಗ, ಚಿತ್ರದುರ್ಗ ಜಿಲ್ಲೆ