ವರದಿಯಲ್ಲಿ ಬಂದ ಹಕ್ಕಿ

ತೀರ್ಥಹಳ್ಳಿ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಸೋಮವಾರ ಕೈಸೇರಿತು. ಕೊನೆಯಲ್ಲಿ, ಸಹಿಯ ಮೇಲೆ, "ಆ ಹಕ್ಕಿ ನನ್ನ ತಲೆಯಲ್ಲೂ ಇರಬಹುದೇ ದೊಡ್ಡಪ್ಪ? ನಾನೂ ಒಮ್ಮೆ ಎಂಆರ್‌ಐ ಮಾಡಿಸಿಕೊಳ್ಳಲೇ?" ಎಂದು ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ಎರಡು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಿನ್ನ ಅಪ್ಪನ ವರದಿಯಲ್ಲಿರುವ ಹಮ್ಮಿಂಗ್‌ಬರ್ಡ್ ಸೈನ್ ಎಂಬುದು ಒಂದು ಆಕಾರದ ಹೆಸರು. ಮೆದುಳನ್ನು ನಟ್ಟನಡುವೆ ಸೀಳಿದಂತೆ ತೋರಿಸುವ ಚಿತ್ರದಲ್ಲಿ ಮಧ್ಯಮೆದುಳು ಸವೆದು ಕಿರಿದಾಗಿ, ಉಬ್ಬಿರಬೇಕಾದ ಅದರ ಮೇಲಂಚು ಚಪ್ಪಟೆಯಾಗಿ ಒಳಕ್ಕೆ ಬಾಗಿರುತ್ತದೆ. ಅದರ ಕೆಳಗಿರುವ ಪಾನ್ಸ್ ಎಂಬ ಭಾಗ ಮಾತ್ರ ಹೆಚ್ಚುಕಡಿಮೆ ತುಂಬಿಕೊಂಡೇ ಇರುವುದರಿಂದ ಎರಡೂ ಸೇರಿ ಕೊಕ್ಕು, ತಲೆ, ಒಡಲು ಇರುವ ಹಕ್ಕಿಯಂತೆ ಕಾಣುತ್ತದೆ. ದಾಸವಾಳಕ್ಕೆ ಬರುವ ಸೂರಕ್ಕಿಯನ್ನು ಕಂಡರೂ ಎದೆ ಝಲ್ಲೆನ್ನುತ್ತದೆ ಎಂದಿದ್ದೀಯ. ಅದು ಬೇರೆ ಹಕ್ಕಿ, ಮಗಳೇ. ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ.

ಆ ಆಕಾರ ಸೂಚಿಸುವ, ನಿನ್ನ ಅಪ್ಪನಿಗೆ ಬಂದಿರುವ ಪ್ರೊಗ್ರೆಸಿವ್ ಸೂಪ್ರಾನ್ಯೂಕ್ಲಿಯರ್ ಪಾಲ್ಸಿ ಎಂಬ ಮೆದುಳಿನ ಕಾಯಿಲೆಯನ್ನು ಸ್ಟೀಲ್, ರಿಚರ್ಡ್‌ಸನ್ ಮತ್ತು ಒಲ್ಸೆವ್‌ಸ್ಕಿ ಎಂಬ ವೈದ್ಯರು 1964ರಲ್ಲಿ ವಿವರವಾಗಿ ಗುರುತಿಸಿದರು. ಟೌ ಎಂಬ ಪ್ರೋಟೀನು ನರಕೋಶಗಳಲ್ಲಿ ಗಂಟುಕಟ್ಟಿ ಅವುಗಳನ್ನು ಸಾಯಿಸುತ್ತದೆ. ತಂದೆಯಿಂದ ಮಕ್ಕಳಿಗೆ ಹರಿದು ಬರುವುದು ತೀರ ಅಪರೂಪ. ಬಹುಪಾಲು ರೋಗಿಗಳ ಮನೆಯಲ್ಲಿ ಇನ್ನೊಬ್ಬರಿಗೆ ಅದು ಇರುವುದಿಲ್ಲ. ನಿನ್ನ ಅಪ್ಪ ಹುಟ್ಟಿದ ಹೊಟ್ಟೆಯಲ್ಲೇ ಹುಟ್ಟಿದ ನಾನು 74 ದಾಟಿ ತೋಟದ ದರೆ ಹತ್ತಿ ಇಳಿಯುತ್ತಿದ್ದೇನೆ. ಅದು ಸಾಕ್ಷಿಯಲ್ಲವೆಂದು ನನಗೆ ಗೊತ್ತು, ಆದರೂ ನಿನಗೆ ಹೇಳಬೇಕೆನಿಸಿತು.

ಈಗ ನನ್ನ ತಪ್ಪಿನ ಮಾತು. ಮೂರು ವರ್ಷದ ಹಿಂದೆ ಅಮ್ಮನ ಶ್ರಾದ್ಧದ ದಿನ ಪಂಕ್ತಿಯಲ್ಲಿ ಅವನು ನನ್ನ ಎದುರಿಗೇ ಕುಳಿತಿದ್ದ. ಎಲೆಯ ಮೇಲಿನ ಅನ್ನವನ್ನು ಕೈ ತಡಕಾಡುತ್ತಿತ್ತು, ಸಾರು ಎಲೆಯ ಅಂಚಿನಿಂದ ಪಂಚೆಗೆ ಹರಿಯುತ್ತಿತ್ತು, ಅವನ ಕಣ್ಣು ಮಾತ್ರ ನೇರವಾಗಿ ನನ್ನ ಮುಖದ ಮೇಲೇ ನೆಟ್ಟಿತ್ತು. "ಎಲೆ ನೋಡಿಕೊಂಡು ಊಟ ಮಾಡೋದಕ್ಕೆ ಅಷ್ಟು ಸೊಕ್ಕೇನೋ" ಎಂದು ಹತ್ತು ಜನರ ಮುಂದೆ ಗದರಿದೆ. ಅವನು ಉತ್ತರ ಕೊಡಲಿಲ್ಲ. ಕಣ್ಣನ್ನು ಕೆಳಗೆ ಇಳಿಸಲು ಅವನಿಂದ ಆಗುತ್ತಿರಲಿಲ್ಲ ಎಂಬುದು ನನಗೆ ತಿಳಿದದ್ದು, ನರರೋಗದ ವೈದ್ಯರು ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಬಾಗಿಸಿದಾಗ ಅದೇ ಕಣ್ಣುಗಳು ತಾವಾಗಿ ಕೆಳಗಿಳಿದದ್ದನ್ನು ನೋಡಿದ ದಿನ. ಕಣ್ಣು ಚೆನ್ನಾಗಿಯೇ ಇದ್ದವು. ಅವಕ್ಕೆ ಅಪ್ಪಣೆ ಕೊಡುವ ಜಾಗ ಸವೆದಿತ್ತು. ಅದಕ್ಕೂ ಮೊದಲು ಎರಡು ಸಲ ಕನ್ನಡಕ ಬದಲಿಸಿದ್ದೆವು.

ಮತ್ತೆ ನಿನ್ನ ಪ್ರಶ್ನೆಗೇ ಬರುತ್ತೇನೆ. ಕಾಯಿಲೆ ಇದ್ದವರಲ್ಲೂ ಆರಂಭದಲ್ಲಿ ಆ ಆಕಾರ ಕಾಣದಿರಬಹುದು. ಆದ್ದರಿಂದ ಯಾವ ತೊಂದರೆಯೂ ಇಲ್ಲದ ನೀನು ಈಗ ಚಿತ್ರ ತೆಗೆಸಿ, ಅದು ಸರಿಯಾಗಿದೆ ಎಂದು ಬಂದರೂ ಮುಂದಿನ ಮೂವತ್ತು ವರ್ಷಕ್ಕೆ ಅದು ಭರವಸೆಯಾಗದು. ಮೆದುಳಿನೊಳಗೆ ನೀರು ತುಂಬಿ ಅದರ ಕೋಣೆಗಳು ಹಿಗ್ಗುವ ಕಾಯಿಲೆಯಲ್ಲೂ ಕೆಲವೊಮ್ಮೆ ಹಾಗೆಯೇ ಕಾಣುತ್ತದೆಯಂತೆ. ಅದಕ್ಕಾದರೆ ಕೊಳವೆ ಹಾಕುವ ಚಿಕಿತ್ಸೆ ಇದೆ. ಅದಕ್ಕೇ ವೈದ್ಯರು ಚಿತ್ರವೊಂದನ್ನೇ ನಂಬದೆ, ನಿನ್ನ ಅಪ್ಪ ಹಿಮ್ಮುಖವಾಗಿ ಬೀಳುವುದನ್ನೂ ಕಣ್ಣಿನ ಚಲನೆಯನ್ನೂ ಸೇರಿಸಿ ನೋಡಿದ್ದು. ಮೊನ್ನೆ ನೀನು ಅಂಗಳದಲ್ಲಿ ಜಾರಿ ಬಿದ್ದದ್ದಕ್ಕೆ ಮಳೆಗಾಲದ ಪಾಚಿ ಕಾರಣ, ಇನ್ನೇನೂ ಅಲ್ಲ. ಅಷ್ಟಾಗಿಯೂ ಮನಸ್ಸು ಒಪ್ಪದಿದ್ದರೆ ಆ ವೈದ್ಯರನ್ನೇ ನೇರವಾಗಿ ಕೇಳು, ನಾನು ವೈದ್ಯನಲ್ಲ.

ದಿನವೂ ನೋಡಿಕೊಳ್ಳುವವಳು ನೀನು, ನಾನು ಹೇಳುವುದು ಸರಿಯೋ ಏನೋ. ಊಟದ ತಟ್ಟೆಯನ್ನು ಎದೆಮಟ್ಟಕ್ಕೆ ಎತ್ತರಿಸಿದರೆ ಅವನಿಗೆ ಕಂಡೀತು. ನೀರು ಕುಡಿಸುವಾಗ ನೆಟ್ಟಗೆ ಕೂರಿಸು, ಅವಸರ ಮಾಡಬೇಡ; ಗಂಟಲಲ್ಲಿ ಸಿಕ್ಕಿ ಶ್ವಾಸಕೋಶಕ್ಕೆ ಇಳಿಯುವುದೇ ದೊಡ್ಡ ಅಪಾಯ. ಮಾತು ತಡವಾಗಿ ಬಂದರೂ ಕಾದಿರು. ಯೋಚನೆ ನಿಧಾನವಾಗಿದೆ, ಆದರೆ ಎದುರಿಗಿರುವವರು ಯಾರೆಂದು ಅವನಿಗೆ ತಿಳಿಯುತ್ತದೆ.

ಭಾನುವಾರ ಬರುತ್ತೇನೆ. ಅಂಗಳಕ್ಕೆ ಹಾಸಲು ಅಡಿಕೆ ದಬ್ಬೆ ಸೀಳಿಸಿಟ್ಟಿದ್ದೇನೆ, ತಟ್ಟೆ ಇಡಲು ಒಂದು ಮಣೆಗೆ ಕಾಲು ಹೊಡೆಸುತ್ತಿದ್ದೇನೆ. ಅಂದು ಅವನಿಗೆ ನಾನೇ ಬಡಿಸುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ